ಹಳೆ ಮರ್ಸಿಡಿಸ್ ಡೀಸೆಲ್‌ನ ಟರ್ಬೊ ಬೂಸ್ಟ್: ಮೊದಲು ಅಳೆಯಿರಿ, ಆಮೇಲೆ ತಿರುಗಿಸಿ

ನನ್ನದು 1984ರ ಮರ್ಸಿಡಿಸ್ 300ಡಿ ಟರ್ಬೊ. ಐದು ಸಿಲಿಂಡರ್, 3 ಲೀಟರ್, ಒಎಂ617 ಎಂಜಿನ್. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಿಂದ ಡಾನರ್ ಸಮ್ಮಿಟ್ ಕಡೆ ಏರು ಹತ್ತುವಾಗ ಲಾರಿಗಳೂ ನನ್ನನ್ನು ಹಿಂದೆ ಹಾಕಿ ಹೋಗುತ್ತಿದ್ದವು. ಒಂದು ಗ್ಯಾರೇಜಿನಲ್ಲಿ ಬಾನೆಟ್ ಕೂಡ ಸರಿಯಾಗಿ ನೋಡದೆ 'ಟರ್ಬೊ ಹೋಗಿದೆ, ಹೊಸದು ಹಾಕಿಸಿ' ಅಂದರು. ಟರ್ಬೊ ಚೆನ್ನಾಗಿಯೇ ಇತ್ತು. ಕಟ್ಟಿಕೊಂಡಿದ್ದು ಒಂದು ಸಣ್ಣ ಬೋಲ್ಟ್. ಈ ಎಂಜಿನ್ ಇಟ್ಟುಕೊಂಡವರು ಸುಮ್ನೆ ದುಡ್ಡು ಕಳೆದುಕೊಳ್ಳಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸುಲಭದ್ದನ್ನು ಮುಗಿಸಿ. ಏರ್ ಫಿಲ್ಟರ್ ಮತ್ತು ಎರಡೂ ಡೀಸೆಲ್ ಫಿಲ್ಟರ್ ನೋಡಿ. ಒಬ್ಬರು ಪೆಡಲ್ ಪೂರ್ತಿ ಒತ್ತಲಿ, ಪಂಪಿನ ಲಿವರ್ ಕೊನೆವರೆಗೂ ಹೋಗುತ್ತದಾ ಅಂತ ನೀವು ನೋಡಿ. ವಾಲ್ವ್ ಗ್ಯಾಪ್ ಎಂಜಿನ್ ತಣ್ಣಗಿದ್ದಾಗ ಇನ್‌ಟೇಕ್ 0.10, ಎಕ್ಸಾಸ್ಟ್ 0.35 ಮಿ.ಮೀ. ಇರಬೇಕು.

ಈಗ ಮುಖ್ಯ ಜಾಗ. ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿನ ಹಿಂದಿನ ತುದಿಯಲ್ಲಿ ಒಂದು ಬ್ಯಾಂಜೊ ಬೋಲ್ಟ್, ಅಂದರೆ ಒಳಗೆ ತೂತಿರುವ ಬೋಲ್ಟ್ ಇದೆ. ಅಲ್ಲಿಂದ ಸಣ್ಣ ಪೈಪ್ ಫೈರ್‌ವಾಲ್ (ಎಂಜಿನ್‌ಗೂ ಕಾರೊಳಗಿಗೂ ಮಧ್ಯದ ತಗಡು) ಮೇಲಿನ ವಾಲ್ವಿಗೆ, ಅಲ್ಲಿಂದ ಇಂಜೆಕ್ಷನ್ ಪಂಪಿನ ಮೇಲೆ ಕೂತಿರುವ, ಗಾಳಿಯ ಒತ್ತಡ ನೋಡಿ ಡೀಸೆಲ್ ಹೊಂದಿಸುವ ಆಲ್ಡಾ ಅನ್ನುವ ಭಾಗಕ್ಕೆ ಹೋಗುತ್ತದೆ. ಗಾಳಿಯ ಒತ್ತಡ ಎಷ್ಟಿದೆ ಅಂತ ಆಲ್ಡಾಗೆ ತಿಳಿಯುವುದು ಈ ದಾರಿಯಲ್ಲೇ. ತಿಳಿದರೆ ಮಾತ್ರ ಅದು ಡೀಸೆಲ್ ಜಾಸ್ತಿ ಬಿಡುತ್ತದೆ. ಬೋಲ್ಟಿನ ತೂತು ಮಸಿಯಿಂದ ಮುಚ್ಚಿದರೆ ಟರ್ಬೊ ಎಷ್ಟೇ ಊದಿದರೂ ಕಾರು ಟರ್ಬೊ ಇಲ್ಲದ ಕಾರಿನ ಹಾಗೇ ಓಡುತ್ತದೆ. ಎಂಜಿನ್ ತಣ್ಣಗಾದ ಮೇಲೆ ಬೋಲ್ಟ್ ಬಿಚ್ಚಿ, ತಂತಿ ಮತ್ತು ಬ್ರೇಕ್ ಕ್ಲೀನರ್‌ನಿಂದ ಸ್ವಚ್ಛ ಮಾಡಿ. ಪೈಪುಗಳನ್ನು ಒಂದೊಂದಾಗಿ ಕಳಚಿ ಊದಿ ನೋಡಿ. ಕೂಡಿಸುವಾಗ ಹೊಸ ವಾಷರ್ ಹಾಕಿ.

ಬೂಸ್ಟ್, ಅಂದರೆ ಟರ್ಬೊ ಊದುವ ಗಾಳಿಯ ಒತ್ತಡ, ಅಳೆಯಲು 30 ಪಿಎಸ್‌ಐವರೆಗೆ ತೋರಿಸುವ ಮಾಮೂಲಿ ಬೂಸ್ಟ್ ಗೇಜ್ ಸಾಕು. ಮ್ಯಾನಿಫೋಲ್ಡ್ ಹತ್ತಿರ ಪೈಪಿಗೆ ಟೀ (T ಆಕಾರದ ಕೂಡುಪೈಪು) ಹಾಕಿ, ಗೇಜಿನ ಹೋಸನ್ನು ಎಕ್ಸಾಸ್ಟ್‌ಗೆ ತಾಗದಂತೆ ಕಾರೊಳಗೆ ತನ್ನಿ. ನಿಂತಲ್ಲೇ ರೇಸ್ ಮಾಡಿದರೆ ಏನೂ ಗೊತ್ತಾಗುವುದಿಲ್ಲ. ಲೋಡ್ ಇಲ್ಲದೆ ಟರ್ಬೊಗೆ ಬೇಕಾದಷ್ಟು ಬಿಸಿ ಹೊಗೆ ಸಿಗುವುದಿಲ್ಲ. ಎಂಜಿನ್ 80 ಡಿಗ್ರಿಗೆ ಬಂದ ಮೇಲೆ, ಟ್ರಾಫಿಕ್ ಇಲ್ಲದ ಒಂದು ಏರಿನಲ್ಲಿ ಕೆಳಗಿನ ಗೇರಿನಲ್ಲಿ ಪೆಡಲ್ ಪೂರ್ತಿ ಒತ್ತಿ. ಪಕ್ಕದಲ್ಲಿ ಕೂತವರು ಗೇಜ್ ಓದಲಿ, ನೀವು ರಸ್ತೆ ನೋಡಿ. 4000 ಆರ್‌ಪಿಎಂ ಹತ್ತಿರ 0.7ರಿಂದ 0.8 ಬಾರ್, ಅಂದರೆ 10–11 ಪಿಎಸ್‌ಐ ಬಂದರೆ ನಿಮ್ಮ ಟರ್ಬೊ ಆರೋಗ್ಯವಾಗಿದೆ.

ಇನ್ನೊಂದು ಪರೀಕ್ಷೆ ನನಗೆ ತುಂಬಾ ಇಷ್ಟ. ಟೀಯನ್ನು ಆಲ್ಡಾ ಪಕ್ಕಕ್ಕೆ ಹಾಕಿ ಅದೇ ಏರು ಮತ್ತೆ ಹತ್ತಿ. ಮ್ಯಾನಿಫೋಲ್ಡಿನಲ್ಲಿ 10, ಆಲ್ಡಾದಲ್ಲಿ 3 ಬಂತಾ? ತೊಂದರೆ ಮಧ್ಯದ ದಾರಿಯಲ್ಲಿದೆ. ಟರ್ಬೊ ಮುಟ್ಟಲೇಬೇಡಿ.

ಎರಡೂ ಕಡೆ ಕಡಿಮೆ ಇದ್ದರೆ ಮೊದಲು ಸೋರಿಕೆ ಹುಡುಕಿ. ಟರ್ಬೊದಿಂದ ಮ್ಯಾನಿಫೋಲ್ಡಿಗೆ ಹೋಗುವ ಜೋಡಣೆ, ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಸುತ್ತ ಮಸಿ ಗೆರೆ, ಪೂರ್ತಿ ಮುಚ್ಚದ ವೇಸ್ಟ್‌ಗೇಟ್ (ಹೆಚ್ಚಾದ ಹೊಗೆಯನ್ನು ಟರ್ಬೊಗೆ ಹೋಗದಂತೆ ಪಕ್ಕಕ್ಕೆ ಬಿಡುವ ಬಾಗಿಲು), ಎಲ್ಲವನ್ನೂ ನೋಡಿ. ಅವೆಲ್ಲ ಸರಿ ಇದ್ದರೆ ಮಾತ್ರ ವೇಸ್ಟ್‌ಗೇಟ್ ಹೊಂದಿಸುವ ಕೆಲಸ. ರಾಡಿನ ಮೇಲೆ ಲಾಕ್‌ನಟ್ ಇರುವ ಮಾದರಿಯಾದರೆ ನಟ್ ಸಡಿಲಿಸಿ ರಾಡನ್ನು ಗಿಡ್ಡ ಮಾಡಿ. ಗೇಟ್ ತಡವಾಗಿ ತೆರೆಯುತ್ತದೆ, ಬೂಸ್ಟ್ ಏರುತ್ತದೆ. ಒಂದು ಸಲಕ್ಕೆ ಅರ್ಧ ಸುತ್ತು. ಲಾಕ್‌ನಟ್ ಬಿಗಿ ಮಾಡಿ, ಓಡಿಸಿ, ಗೇಜ್ ನೋಡಿ.

11 ಪಿಎಸ್‌ಐ ದಾಟಿಸುವ ಆಸೆ ಬೇಡ. ಈ ಎಂಜಿನ್‌ಗೆ ಗಾಳಿ ತಣಿಸುವ ಇಂಟರ್‌ಕೂಲರ್ ಇಲ್ಲ, ಹೆಚ್ಚು ಒತ್ತಿದ ಗಾಳಿ ಹೆಚ್ಚು ಬಿಸಿಯಾಗುತ್ತದೆ ಅಷ್ಟೇ. ಸುಮಾರು 1.1 ಬಾರ್ ಹತ್ತಿರ ಒತ್ತಡದ ಸ್ವಿಚ್ ಆಲ್ಡಾದ ಗಾಳಿಯನ್ನೇ ಕಡಿದುಬಿಡುತ್ತದೆ, ಶಕ್ತಿ ಒಮ್ಮೆಲೇ ಬಿದ್ದುಹೋಗುತ್ತದೆ. ಆ ಸ್ವಿಚ್ಚನ್ನು ಬೈಪಾಸ್ ಮಾಡುವವರಿದ್ದಾರೆ. ದಯವಿಟ್ಟು ಮಾಡಬೇಡಿ, ಎಂಜಿನ್ ಉಳಿಸುವುದಕ್ಕೇ ಅದು ಇರುವುದು.

ಬೂಸ್ಟ್ ಸರಿ ಬಂದೂ ಕಾರು ಮಂದ ಅನ್ನಿಸಿದರೆ ಕೊನೆಗೆ ಆಲ್ಡಾದ ಮೇಲೆ, ಮುಚ್ಚಳದ ಕೆಳಗಿರುವ ಸ್ಕ್ರೂ. ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಡೀಸೆಲ್ ಹೆಚ್ಚುತ್ತದೆ. ಕಾಲು ಸುತ್ತು ಸಾಕು. ಮತ್ತೆ ಏರು ಹತ್ತಿ, ಕನ್ನಡಿಯಲ್ಲಿ ಹಿಂದೆ ನೋಡಿ. ಕಪ್ಪು ಹೊಗೆ ಎದ್ದು ನಿಂತರೆ ಸ್ವಲ್ಪ ಹಿಂದಕ್ಕೆ ತಿರುಗಿಸಿ, ಮುಚ್ಚಳ ಹಾಕಿ.