ಸುಂಬಾದ ಹಳ್ಳಿಯಲ್ಲಿ ಮನೆ ಮಾಡುವ ಆಸೆಯೇ? ಮೊದಲು ಒಂದು ಬೇಸಿಗೆ ಬಾಡಿಗೆಗಿರಿ

ಬಾಲಿಗೆ ಹೋಗಿ ಬಂದವರಲ್ಲಿ ಕೆಲವರಿಗೆ ಒಂದು ಹುಚ್ಚು ಹತ್ತಿಕೊಳ್ಳುತ್ತದೆ. ಬಾಲಿಯಲ್ಲಿ ಈಗ ಜಾಗದ ಬೆಲೆ ಮುಟ್ಟೋ ಹಾಗಿಲ್ಲ, ಜನವೂ ಜಾಸ್ತಿ, ಇನ್ನೂ ಸ್ವಲ್ಪ ಪೂರ್ವಕ್ಕೆ ಹೋದರೆ ಸಮುದ್ರದ ದಡದಲ್ಲೇ ಅಗ್ಗಕ್ಕೆ ಜಾಗ ಸಿಗುತ್ತಂತೆ ಅಂತ. ಹಾಗೆ ಪೂರ್ವಕ್ಕೆ ಹೊರಟವರ ಬಾಯಲ್ಲಿ ಬೇಗ ಬರುವ ಹೆಸರು ಸುಂಬಾ. ಇಂಡೋನೇಷ್ಯಾದ ನುಸಾ ತೆಂಗಾರಾ ತಿಮುರ್ ಪ್ರಾಂತ್ಯದ ದ್ವೀಪ, ವಿಸ್ತಾರ ಸುಮಾರು 11,000 ಚದರ ಕಿಲೋಮೀಟರ್. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೋಗಿ ಇರುವುದಕ್ಕೆ ಸುಂಬಾ ಚೆನ್ನಾಗಿದೆ. ದುಡ್ಡು ಹಾಕಿ ಬೆಳೆಸುವುದಕ್ಕೆ ಅಲ್ಲ. ಇಷ್ಟು ಹೇಳಿದ ಮೇಲೂ ಆಸೆ ಹೋಗದಿದ್ದರೆ ಮುಂದೆ ಓದಿ.

ಮೊದಲು ಯಾವ ಸುಂಬಾ ಅಂತ ತೀರ್ಮಾನ ಮಾಡಿ

ದ್ವೀಪದಲ್ಲಿ ನಾಲ್ಕು ಜಿಲ್ಲೆಗಳಿವೆ. ಪಶ್ಚಿಮದ ಕಡೆ ಹಸಿರು, ಮಳೆ ಜಾಸ್ತಿ, ತೆಂಗು, ಅಡಿಕೆ, ಗೇರು, ಗದ್ದೆ ಎಲ್ಲ ಇವೆ, ಕರಾವಳಿಯವರಿಗೆ ಮೊದಲ ನೋಟಕ್ಕೇ ಮನೆ ಹತ್ತಿರ ಅನ್ನಿಸುತ್ತದೆ. ಪೂರ್ವಕ್ಕೆ ಹೋದಂತೆ ಒಣ ಹುಲ್ಲುಗಾವಲು, ಕುದುರೆ, ದನ, ಬೋಳು ಗುಡ್ಡ. ಬಾಲಿಯ ಡೆನ್‌ಪಾಸಾರ್‌ನಿಂದ ಸಣ್ಣ ವಿಮಾನ ಪಶ್ಚಿಮದ ತಂಬೋಲಾಕಾಕ್ಕೂ ಇದೆ, ಪೂರ್ವದ ವೈಂಗಾಪುವಿಗೂ ಇದೆ. ಬೆಂಗಳೂರಿನಿಂದ ಡೆನ್‌ಪಾಸಾರ್‌ಗೆ ನೇರ ವಿಮಾನ ಬಂದ ಮೇಲೆ ಪ್ರಯಾಣದ ಕಷ್ಟ ಅರ್ಧ ಕಮ್ಮಿಯಾಗಿದೆ. ಉಳಿದ ಅರ್ಧ ಕಷ್ಟ ಇರುವುದು ತಂಬೋಲಾಕಾ ಇಳಿದ ಮೇಲೆ, ಹಳ್ಳಿ ರಸ್ತೆಯಲ್ಲಿ.

ವಿದೇಶಿಯರು ಕಣ್ಣು ಹಾಕುವುದು ಬಹುತೇಕ ಪಶ್ಚಿಮದ ದಡದ ಮೇಲೆ. ವಾನೊಕಾಕಾದ ಹತ್ತಿರ ನಿಹಿ ಅನ್ನುವ ದುಬಾರಿ ರೆಸಾರ್ಟ್ ಇದೆ. 2016 ಮತ್ತು 2017ರಲ್ಲಿ ಒಂದು ಅಮೆರಿಕನ್ ಪ್ರವಾಸಿ ಪತ್ರಿಕೆ ಅದನ್ನು ಪ್ರಪಂಚದಲ್ಲೇ ಮೊದಲ ಹೋಟೆಲ್ ಅಂತ ಹೇಳಿತು. ಅಲ್ಲಿಂದ ಸುತ್ತಮುತ್ತಲ ಬೀಚುಗಳ ಜಮೀನಿನ ಮೇಲೆ ಹೊರಗಿನವರ ಆಸೆ ಇನ್ನಷ್ಟು ಬೆಳೆಯಿತು. ಖರೀದಿಸಿ ಬೇಲಿ ಹಾಕಿ ಬಿಟ್ಟುಹೋದ ಜಾಗ ದಡದ ಉದ್ದಕ್ಕೂ ಕಾಣುತ್ತವೆ. ಕಟ್ಟಡವೂ ಇಲ್ಲ, ಬೆಳೆಯೂ ಇಲ್ಲ. ಬೆಲೆ ಏರುತ್ತದೆ ಅಂತ ಕಾಯುತ್ತಿರುವ ಜಾಗಗಳು ಅವು. ನೀವೂ ಆ ಸಾಲಿಗೆ ಸೇರಬೇಕಾ ಅಂತ ಯೋಚಿಸಿ.

ಬಾಡಿಗೆಗೆ ಇರುವುದು, ಅದೂ ಬೇಸಿಗೆಯಲ್ಲಿ

ಡಿಸೆಂಬರ್‌ನಿಂದ ಮಾರ್ಚ್ ತನಕ ಮಳೆ. ಆಮೇಲೆ ಒಣಗಾಲ ಶುರುವಾಗಿ ನವೆಂಬರ್ ತನಕ ಎಳೆಯುತ್ತದೆ, ನಾನು ಬೇಸಿಗೆ ಅನ್ನುವುದು ಇದನ್ನೇ. ಫೆಬ್ರವರಿಯಲ್ಲೋ ಮಾರ್ಚ್‌ನಲ್ಲೋ ಪಸೋಲಾ ನೋಡಲು ಹೋದವರಿಗೆ (ಕುದುರೆ ಮೇಲೆ ಕೂತು ಎರಡು ಗುಂಪು ಪರಸ್ಪರ ಕೋಲು ಎಸೆಯುವ ಹಬ್ಬ, ಸಮುದ್ರದಲ್ಲಿ ನ್ಯಾಲೆ ಹುಳು ಬರುವ ದಿನ ನೋಡಿ ತಿಥಿ ನಿಶ್ಚಯ ಮಾಡುತ್ತಾರೆ) ಎಲ್ಲ ಹಸಿರಾಗಿ ಕಾಣುತ್ತದೆ. ಅದನ್ನು ನೋಡಿ ಜಾಗಕ್ಕೆ ಮುಂಗಡ ಕೊಡಬೇಡಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಅದೇ ಜಾಗಕ್ಕೆ ಹೋಗಿ ನೋಡಿ.

ದ್ವೀಪದ ಬಹುಭಾಗ ಸುಣ್ಣಕಲ್ಲು. ಬಿದ್ದ ಮಳೆ ಇಂಗಿ ಎಲ್ಲೋ ಆಳಕ್ಕೆ ಇಳಿದುಹೋಗುತ್ತದೆ. ಎಷ್ಟೋ ಹಳ್ಳಿಗಳಲ್ಲಿ ಹೆಂಗಸರು, ಮಕ್ಕಳು ಹಳದಿ ಜೆರಿಕ್ಯಾನ್ ಹಿಡಿದು ಕಣಿವೆಗೆ ಇಳಿದು ನೀರು ಹೊತ್ತು ತರುತ್ತಾರೆ. ದುಡ್ಡಿದ್ದವರು ಟ್ಯಾಂಕರ್ ಹೊಡೆಸುತ್ತಾರೆ. ಜಾಗ ನೋಡಲು ಹೋದಾಗ ಸಮುದ್ರ ಎಷ್ಟು ಚೆನ್ನಾಗಿ ಕಾಣುತ್ತದೆ ಅನ್ನೋದು ಆಮೇಲಿನ ಮಾತು. ಬಾವಿ ಎಲ್ಲಿದೆ, ಅದು ಯಾರದ್ದು, ಅಕ್ಟೋಬರ್‌ನಲ್ಲಿ ನೀರು ಎಷ್ಟಿರುತ್ತದೆ, ಟ್ಯಾಂಕರ್ ಒಳಗೆ ಬರುವಷ್ಟು ರಸ್ತೆ ಅಗಲ ಇದೆಯಾ ಅಂತ ಮೊದಲು ಕೇಳಿ. ಆಲಂಗ್ ಆಲಂಗ್ ಹುಲ್ಲಿನ ಎತ್ತರದ ಛಾವಣಿ ಫೋಟೋದಲ್ಲಿ ಎಷ್ಟೇ ಚೆಂದ ಕಂಡರೂ ಅದರಿಂದ ಮಳೆನೀರು ಹಿಡಿಯೋದು ಕಷ್ಟ, ಬೆಂಕಿಯ ಭಯ ಬೇರೆ. ವೈಕಬುಬಾಕ್ ಪಟ್ಟಣದ ನಡುವಿನ ತಾರುಂಗ್ ಅನ್ನುವ ಹಳೆಯ ಹಳ್ಳಿ 2017ರ ಅಕ್ಟೋಬರ್‌ನಲ್ಲಿ ಸುಟ್ಟುಹೋಯಿತು. ಒಣಗಾಲದ ಕೊನೆ, ಒತ್ತೊತ್ತಾಗಿ ಹುಲ್ಲಿನ ಮನೆಗಳು, ಒಂದಕ್ಕೆ ಹತ್ತಿದ್ದು ಎಲ್ಲಕ್ಕೂ ಹಬ್ಬಿತು. ಸುಮ್ನೆ ತಗಡಿನ ಛಾವಣಿ ಹಾಕಿ, ಕೆಳಗೆ ದೊಡ್ಡ ಟ್ಯಾಂಕ್ ಕಟ್ಟಿಸಿ.

ಕರೆಂಟು ಪ್ರೀಪೇಯ್ಡ್. ಅಂಗಡಿಯಲ್ಲೋ ಮೊಬೈಲ್‌ನಲ್ಲೋ ದುಡ್ಡು ಕಟ್ಟಿದರೆ 20 ಅಂಕಿಯ ಒಂದು ನಂಬರ್ ಬರುತ್ತದೆ, ಗೋಡೆ ಮೇಲಿನ ಮೀಟರಿನ ಗುಂಡಿ ಒತ್ತಿ ಅದನ್ನು ಹಾಕಬೇಕು. ಯೂನಿಟ್ ಮುಗಿಯುತ್ತಾ ಬಂದರೆ ಮೀಟರ್ ಕೀಂ ಕೀಂ ಅಂತ ಕೂಗುತ್ತಲೇ ಇರುತ್ತದೆ. ರಾತ್ರಿ ಎರಡು ಗಂಟೆಗೆ ಕೂಗಿದರೆ, ಮೊಬೈಲ್ ಸಿಗ್ನಲ್ಲೂ ಇಲ್ಲದಿದ್ದರೆ, ಕತ್ತಲಲ್ಲಿ ಕೂರುವುದೇ ಗತಿ. ಹಳ್ಳಿಗಳಲ್ಲಿ ಸಿಗ್ನಲ್ ಸಿಕ್ಕರೆ ಹೆಚ್ಚಾಗಿ ಟೆಲ್ಕೊಮ್‌ಸೆಲ್ ಅನ್ನುವ ಮೊಬೈಲ್ ಕಂಪನಿಯದು. 2024ರ ಮೇನಲ್ಲಿ ಸ್ಟಾರ್‌ಲಿಂಕ್ ಉಪಗ್ರಹ ಇಂಟರ್ನೆಟ್ ಇಂಡೋನೇಷ್ಯಾಕ್ಕೆ ಬಂದ ಮೇಲೆ ಲ್ಯಾಪ್‌ಟಾಪ್ ಕೆಲಸದವರಿಗೆ ದಾರಿ ಆಗಿದೆ. ಅಲ್ಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ, ಹಾಗಾಗಿ ಬೆಂಗಳೂರಿನ ಆಫೀಸಿನ ಜೊತೆ ಕೆಲಸ ಮಾಡಲು ತೊಂದರೆಯಿಲ್ಲ.

ಆರೋಗ್ಯದ ವಿಷಯ ಖಡಾಖಂಡಿತ ಹೇಳಬೇಕು. ಸುಂಬಾದಲ್ಲಿ ಮಲೇರಿಯಾ ಇದೆ. ಸೊಳ್ಳೆಪರದೆ ಕಟ್ಟಿ ಮಲಗಿ, ಜ್ವರ ಬಂದ ದಿನವೇ ಹತ್ತಿರದ ಪುಸ್ಕೆಸ್ಮಾಸ್‌ಗೆ, ಅಂದರೆ ಅಲ್ಲಿಯ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ, ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಪಟ್ಟಣಗಳಲ್ಲಿ ಆಸ್ಪತ್ರೆ ಇವೆ, ಆದರೆ ಹೃದಯದ ತೊಂದರೆ, ದೊಡ್ಡ ಅಪಘಾತ ಇಂಥದ್ದಕ್ಕೆ ವಿಮಾನದಲ್ಲಿ ಬಾಲಿಗೇ ಹೋಗಬೇಕು. ಬಿಪಿ, ಶುಗರ್ ಮಾತ್ರೆ ನುಂಗುವ ಅಪ್ಪ ಅಮ್ಮನನ್ನು ನಿವೃತ್ತಿ ಜೀವನಕ್ಕೆ ಅಲ್ಲಿ ಇಡುವ ಯೋಚನೆ ಇದ್ದರೆ ದಯವಿಟ್ಟು ಬಿಡಿ.

ಎಲೆ ಅಡಿಕೆಯಿಂದ ಶುರು ಮಾಡಿ

ಯಾವ ಮನೆಗೆ ಹೋದರೂ ಮೊದಲು ಬರುವುದು ಅಡಿಕೆಯ ಬುಟ್ಟಿ. ನಮ್ಮವರಿಗೆ ಇದು ಹೊಸದಲ್ಲ, ಆದರೆ ಒಂದು ವ್ಯತ್ಯಾಸ ಇದೆ. ಅವರು ಹೆಚ್ಚಾಗಿ ವೀಳ್ಯದೆಲೆ ಬದಲು ಆ ಬಳ್ಳಿಯ ಕಾಯಿ, ಉದ್ದಕ್ಕೆ ಹಸಿರು ಕಡ್ಡಿ ಥರ ಇರುವುದನ್ನು ಸುಣ್ಣಕ್ಕೆ ಅದ್ದಿ ಹಸಿ ಅಡಿಕೆ ಜೊತೆ ಕಚ್ಚುತ್ತಾರೆ. ಖಾರ. ತಲೆ ಸ್ವಲ್ಪ ತಿರುಗುತ್ತದೆ, ಬೆವರೂ ಬರುತ್ತದೆ. ತಿನ್ನಲೇಬೇಕು ಅಂತಿಲ್ಲ, ಆದರೆ ಕೈಯಲ್ಲಿ ತೆಗೆದುಕೊಳ್ಳಿ. ಬುಟ್ಟಿ ದೂಡಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ನೀವು ಹೋಗುವಾಗಲೂ ಅಡಿಕೆ, ಸಕ್ಕರೆ, ಕಾಫಿಪುಡಿ ಹಿಡಿದು ಹೋಗಿ. ವಯಸ್ಸಾದ ಗಂಡಸರಿಗೆ ಬಾಪಾ, ಹೆಂಗಸರಿಗೆ ಮಾಮಾ ಅನ್ನಿ, ಹೆಸರು ಹಿಡಿದು ಕರೆಯಬೇಡಿ.

ಊರಿನ ನಡುವೆ, ಮನೆ ಮುಂದೆಯೇ ದೊಡ್ಡ ದೊಡ್ಡ ಕಲ್ಲಿನ ಸಮಾಧಿಗಳಿರುತ್ತವೆ. ಅನೇಕ ಮನೆಗಳು ಈಗ ಕ್ರೈಸ್ತ ಮನೆಗಳಾದರೂ ಮಾರಾಪು ಅನ್ನುವ ಹಿರಿಯರ ಆರಾಧನೆ ಬಿಟ್ಟಿಲ್ಲ. ಪೂಜೆಯ ಹಿರಿಯ ರಾಟೊ, ಕುಲಕ್ಕೆ ಕಬಿಸು ಅನ್ನುತ್ತಾರೆ. ಈ ಎರಡು ಹೆಸರು ನೆನಪಿಟ್ಟುಕೊಳ್ಳಿ, ಜಮೀನಿನ ಮಾತು ಬಂದಾಗ ಬೇಕಾಗುತ್ತದೆ. ಸಾವು ಅಂದರೆ ದೊಡ್ಡ ಖರ್ಚು. ಎಮ್ಮೆ, ಹಂದಿ ಕಡಿಯುತ್ತಾರೆ, ಮದುವೆಗೆ ಗಂಡಿನ ಕಡೆಯವರು ಕುದುರೆ, ಎಮ್ಮೆ ಕೊಡಬೇಕು, ಈ ಲೆಕ್ಕ ತಲೆಮಾರುಗಟ್ಟಲೆ ನಡೆಯುತ್ತದೆ. ನೀವು ಊರಲ್ಲಿ ಮನೆ ಮಾಡಿದರೆ ನಿಮ್ಮನ್ನೂ ಆ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಾರೆ. ಸಸ್ಯಾಹಾರಿಗಳಾಗಿದ್ದರೆ ಹಂದಿ ಬದಲು ಅಕ್ಕಿ ಮೂಟೆ, ಸಕ್ಕರೆ, ಬಟ್ಟೆ ಕೊಡಬಹುದು. ಕೊಡದೆ ತಪ್ಪಿಸಿಕೊಳ್ಳಬೇಡಿ. ತಿಂಗಳ ಖರ್ಚಿನಲ್ಲಿ ಇದಕ್ಕೂ ಒಂದಿಷ್ಟು ಎತ್ತಿಡಿ.

ಜಾಗ: ಕೊಳ್ಳೋಕೆ ಆಗಲ್ಲ

ಇಂಡೋನೇಷ್ಯಾದ 1960ರ ಭೂ ಕಾಯ್ದೆ ಪ್ರಕಾರ ಪೂರ್ಣ ಒಡೆತನ, ಅಂದರೆ ಹಾಕ್ ಮಿಲಿಕ್, ಅಲ್ಲಿಯ ನಾಗರಿಕರಿಗೆ ಮಾತ್ರ. ದಲ್ಲಾಳಿ ಆಗ ಹೇಳುವ ಉಪಾಯ ಒಂದೇ: ನನ್ನ ಹೆಸರಲ್ಲಿ ಮಾಡಿಸೋಣ, ನಿಮಗೆ ಪ್ರತ್ಯೇಕ ಕರಾರು ಬರೆದುಕೊಡ್ತೀನಿ. ಬೇನಾಮಿ, ಅಷ್ಟೇ. ಅದೇ ಕಾಯ್ದೆಯ 26ನೇ ಕಲಂ ಪ್ರಕಾರ ಇಂಥ ವ್ಯವಹಾರ ತಾನಾಗಿಯೇ ರದ್ದು, ಜಮೀನು ಸರ್ಕಾರಕ್ಕೆ, ಕೊಟ್ಟ ದುಡ್ಡು ವಾಪಸ್ ಕೇಳುವ ಹಾಗೂ ಇಲ್ಲ. ಬಾಲಿಯಲ್ಲಿ ಎಲ್ಲರೂ ಹೀಗೇ ಮಾಡ್ತಾರೆ ಅಂತ ಯಾರಾದರೂ ಹೇಳಿದರೆ ನಕ್ಕು ಎದ್ದು ಬನ್ನಿ.

ಕಾನೂನಿನ ದಾರಿ ಮೂರು. ಕಂಪನಿ ಮಾಡಿ ಅದರ ಹೆಸರಲ್ಲಿ ಕಟ್ಟಡ ಕಟ್ಟುವ ಹಕ್ಕು ಪಡೆಯುವುದು ಒಂದು, ಅದಕ್ಕೆ 1,000 ಕೋಟಿ ರೂಪಾಯಾ (ಇಂಡೋನೇಷ್ಯಾದ ದುಡ್ಡು, ನಮ್ಮ ರೂಪಾಯಿ ಅಲ್ಲ) ಹೂಡಿಕೆ ತೋರಿಸಬೇಕು, ರೆಸಾರ್ಟ್ ಮಾಡುವವರಿಗೆ ಬಿಟ್ಟುಬಿಡಿ. ಎರಡನೆಯದು ಹಾಕ್ ಪಕಾಯ್, ಬಳಸುವ ಹಕ್ಕು. 2021ರ ನಿಯಮದಲ್ಲಿ 30 ವರ್ಷ, ಮತ್ತೆ 20, ಮತ್ತೆ 30 ಅಂತ ಮುಂದುವರಿಸಬಹುದು, ಆದರೆ ಆ ದೇಶದಲ್ಲಿ ಇರಲು ಸರಿಯಾದ ವೀಸಾ ಬೇಕು, ಮನೆಗೆ ಪ್ರಾಂತ್ಯವಾರು ಕನಿಷ್ಠ ಬೆಲೆಯೂ ಇದೆ. ಮೂರನೆಯದು ಗುತ್ತಿಗೆ. ನನ್ನ ಓಟು ಇದಕ್ಕೇ. 20–25 ವರ್ಷಕ್ಕೆ ನೋಟಾರಿಸ್, ಅಂದರೆ ಅಲ್ಲಿಯ ನೋಟರಿ, ಮುಂದೆ ಬರೆಸಿ, ಕಮ್ಮಿ ದುಡ್ಡಲ್ಲಿ ಮುಗಿಸಿ.

ಗುತ್ತಿಗೆಗೂ ಮುಂಚೆ ಆ ಜಾಗ ಯಾರದ್ದು ಅನ್ನುವುದು ಗೊತ್ತಾಗಬೇಕಲ್ವಾ? ಇಲ್ಲೇ ಎಲ್ಲರೂ ಎಡವುವುದು. ಸರ್ಟಿಫಿಕೇಟ್ ಇದ್ದರೆ ಬಿಪಿಎನ್ ಅನ್ನುವ ಭೂ ಕಚೇರಿಯಲ್ಲಿ ನಂಬರ್ ಕೊಟ್ಟು ಪರಿಶೀಲಿಸಬೇಕು, ಅವರದ್ದೇ ಸೆಂತುಹ್ ತಾನಾಹ್‌ಕು ಅನ್ನುವ ಆ್ಯಪ್ ಇದೆ, ಅದರಲ್ಲಿ ನಕ್ಷೆ ಮೇಲೆ ಜಾಗ ಗುರುತಾಗಿದೆಯಾ ನೋಡಿ. ಎಷ್ಟೋ ಹಳ್ಳಿ ಜಾಗಕ್ಕೆ ಸರ್ಟಿಫಿಕೇಟೇ ಇರುವುದಿಲ್ಲ. ಆಗ ಪಿಬಿಬಿ ಅನ್ನುವ ಜಮೀನು, ಕಟ್ಟಡದ ತೆರಿಗೆ ಚೀಟಿ ತೋರಿಸುತ್ತಾರೆ. ನಮ್ಮಲ್ಲಿ ಕಂದಾಯ ರಸೀದಿ ಒಂದನ್ನೇ ನಂಬಿ ಯಾರೂ ಸೈಟು ಕೊಳ್ಳುವುದಿಲ್ಲ, ಅಲ್ಲೂ ಅಷ್ಟೇ. ಅಥವಾ ಊರ ಮುಖ್ಯಸ್ಥ, ಕೆಪಾಲಾ ದೇಸಾ, ಸಹಿ ಹಾಕಿದ ಕಾಗದ ತೋರಿಸುತ್ತಾರೆ. ಅದು ಬೇಕು, ಆದರೆ ಅದೊಂದೇ ಸಾಲದು. ಜಮೀನು ಕುಲದ್ದಾಗಿದ್ದರೆ ಒಬ್ಬ ಅಣ್ಣ ಸಹಿ ಹಾಕಿದ ಮೇಲೆ ಪಕ್ಕದ ಊರಲ್ಲಿರುವ ತಮ್ಮ, ಇನ್ನೊಂದು ದ್ವೀಪದಲ್ಲಿ ದುಡಿಯುವ ಚಿಕ್ಕಪ್ಪನ ಮಗ ಬಂದು ನಾವು ಒಪ್ಪಿಲ್ಲ ಅನ್ನಬಹುದು, ಅನ್ನುತ್ತಾರೆ ಕೂಡ.

ಇದು ಬರೀ ಕಾಗದದ ಜಗಳ ಅಲ್ಲ. 2018ರ ಏಪ್ರಿಲ್‌ನಲ್ಲಿ ಪಶ್ಚಿಮ ಸುಂಬಾದ ಮರೋಸಿ ತೀರದಲ್ಲಿ, ಹೊರಗಿನ ಕಂಪನಿಯೊಂದರ ಜಮೀನು ಅಳತೆಗೆ ಊರವರು ಅಡ್ಡ ಬಂದಾಗ ರೈತರೊಬ್ಬರು ಗುಂಡು ತಗುಲಿ ಸತ್ತರು. ನೀವು ನೋಡುತ್ತಿರುವ ಜಾಗಕ್ಕೆ ಎಂಥ ಇತಿಹಾಸ ಇದೆ ಅಂತ ದಲ್ಲಾಳಿಯನ್ನು ಕೇಳಬೇಡಿ. ಚರ್ಚಿನವರನ್ನು, ಶಾಲೆಯ ಮೇಷ್ಟ್ರನ್ನು, ಪಕ್ಕದ ಹೊಲದವರನ್ನು ಕೇಳಿ. ಎಲ್ಲರೂ ಒಂದೇ ಹೆಸರು ಹೇಳಿದರೆ ಮುಂದುವರಿಯಿರಿ. ಮೂರು ಜನ ಮೂರು ಹೆಸರು ಹೇಳಿದರೆ ಕಾಫಿ ಕುಡಿದು ವಾಪಸ್ ಬನ್ನಿ. ಜಾಗದಲ್ಲಿ ಸಮಾಧಿ ಇದ್ದರೆ ಅದು ಎಂದೆಂದಿಗೂ ಅವರದ್ದೇ, ಅವರು ಬರುವ ದಾರಿಯೂ ಅವರದ್ದೇ.

ಅಳತೆ ಬಗ್ಗೆ ಒಂದು ಅನುಕೂಲ. ಅಲ್ಲಿ ಜಾಗ ಮಾತಾಡುವುದು 'ಆರೆ' ಲೆಕ್ಕದಲ್ಲಿ, 100 ಚದರ ಮೀಟರ್. ನಮ್ಮ ಒಂದು ಗುಂಟೆಗೆ ಹೆಚ್ಚೂಕಮ್ಮಿ ಸಮ. ಹೇಳಿದ ಬೆಲೆ ಆರೆಗೋ, ಮೀಟರಿಗೋ, ವರ್ಷಕ್ಕೋ, ಪೂರ್ತಿ ಅವಧಿಗೋ ಅಂತ ಬಾಯಿಬಿಟ್ಟು ಕೇಳಿ. ಇನ್ನೊಂದು, ಸಮುದ್ರದ ಭರತ ಮುಟ್ಟುವ ಗೆರೆಯಿಂದ ಕನಿಷ್ಠ 100 ಮೀಟರ್ ತೀರದ ಮೀಸಲು ಪಟ್ಟಿ. ದಡಕ್ಕೆ ಅಂಟಿಕೊಂಡ ಜಾಗದಲ್ಲಿ ಅರ್ಧ ಅಲ್ಲೇ ಹೋಗುತ್ತದೆ. ಹೋಗುವುದು ಒಳ್ಳೆಯದೇ ಬಿಡಿ. 1977ರ ಆಗಸ್ಟ್‌ನಲ್ಲಿ ದಕ್ಷಿಣದ ಸಮುದ್ರದಲ್ಲಿ ದೊಡ್ಡ ಭೂಕಂಪವಾಗಿ ಸುನಾಮಿ ಬಂದ ದ್ವೀಪ ಇದು, 2021ರ ಏಪ್ರಿಲ್‌ನ ಸೆರೋಜಾ ಚಂಡಮಾರುತವೂ ಪೂರ್ವ ಸುಂಬಾವನ್ನು ಬಿಡಲಿಲ್ಲ. ಎತ್ತರದ ಜಾಗ ಹುಡುಕಿ.

ಕರಾರಿನಲ್ಲಿ ಏನಿರಬೇಕು

ಇಂಡೋನೇಷ್ಯನ್ ಭಾಷೆಯಲ್ಲಿ ಇರಲೇಬೇಕು, ಅದು ಕಾನೂನು. ಪಕ್ಕದಲ್ಲಿ ಇಂಗ್ಲಿಷ್ ಪ್ರತಿ ಇಟ್ಟುಕೊಳ್ಳಿ. ಯಜಮಾನನ ಜೊತೆ ಹೆಂಡತಿ, ವಯಸ್ಸಿಗೆ ಬಂದ ಮಕ್ಕಳು, ಅಣ್ಣತಮ್ಮಂದಿರು ಎಲ್ಲ ಸಹಿ ಹಾಕಲಿ, ಕುಲದ ಹಿರಿಯರು ಸಾಕ್ಷಿ ಹಾಕಲಿ. ಯಜಮಾನ ಸತ್ತರೂ ಮಾರಿದರೂ ಗುತ್ತಿಗೆ ಮುಂದುವರಿಯುತ್ತದೆ ಅಂತ ಸ್ಪಷ್ಟವಾಗಿ ಬರೆಸಿ. ರಸ್ತೆ ಎಲ್ಲಿ, ಬಾವಿ ನೀರಿನಲ್ಲಿ ಪಾಲು ಎಷ್ಟು, ಅವಧಿ ಮುಗಿದ ಮೇಲೆ ಮನೆ ಯಾರಿಗೆ, ಮತ್ತೊಬ್ಬರಿಗೆ ಬಾಡಿಗೆ ಕೊಡಬಹುದೇ, ಮುಂದುವರಿಸುವಾಗ ಬೆಲೆ ಹೇಗೆ. ದುಡ್ಡು ಒಂದೇ ಸಲ ಕೊಡಬೇಡಿ. ಕಂತು ಮಾಡಿ, ಕೊನೇ ಕಂತು ಗಡಿಕಲ್ಲು ನೆಟ್ಟ ಮೇಲೆ.

ಬೆಲೆ ಏರುವ ಮಾತು ಹೇಳಬೇಕಂದರೆ, ಗುತ್ತಿಗೆ ಜಾಗ ವರ್ಷ ಕಳೆದಂತೆ ಸವೆಯುತ್ತಾ ಹೋಗುತ್ತದೆ, ಕೊಳ್ಳುವವರೂ ಬೆರಳೆಣಿಕೆ. 20 ವರ್ಷದ ಬಾಡಿಗೆ ಮುಂಚಿತವಾಗಿ ಕಟ್ಟಿದೆ ಅಂತ ತಿಳಿದು ದುಡ್ಡು ಹಾಕಿ.

ವೀಸಾ, ಮತ್ತೆ ಇಲ್ಲಿಯ ಲೆಕ್ಕ

ನೋಡಲು ಹೋಗುವವರಿಗೆ ಇಳಿದ ಮೇಲೆ ಸಿಗುವ ವೀಸಾ ಸಾಕು, 5,00,000 ರೂಪಾಯಾ, 30 ದಿನ, ಒಮ್ಮೆ ಇನ್ನೊಂದು 30 ದಿನ ಮುಂದುವರಿಸಬಹುದು. ಮೀರಿದರೆ ದಿನಕ್ಕೆ 10,00,000 ರೂಪಾಯಾ ದಂಡ. ಆ ವೀಸಾದಲ್ಲಿ ಹೋಂಸ್ಟೇ ನಡೆಸುವುದು, ಕೆಲಸ ಮಾಡುವುದು ಬೇಡ, ಹಳ್ಳಿಯಲ್ಲಿ ಹೊಸ ಮುಖ ಎಲ್ಲರಿಗೂ ಗೊತ್ತಾಗುತ್ತದೆ. ಊರಲ್ಲಿ ಉಳಿಯುವ ದಿನವೇ ಕೆಪಾಲಾ ದೇಸಾ ಹತ್ತಿರ ಹೋಗಿ ಪಾಸ್‌ಪೋರ್ಟ್ ತೋರಿಸಿ ಬನ್ನಿ.

ಭಾರತದಿಂದ ದುಡ್ಡು ಕಳಿಸುವುದು ಬ್ಯಾಂಕಿನ ಎಲ್‌ಆರ್‌ಎಸ್, ಅಂದರೆ ವಿದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಮಾಡಿರುವ ಯೋಜನೆ, ಮೂಲಕ, ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್ ಮಿತಿ. 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕ್ ಟಿಸಿಎಸ್ ಅನ್ನುವ ಮುಂಗಡ ತೆರಿಗೆ ಹಿಡಿಯುತ್ತದೆ, ರಿಟರ್ನ್ ಹಾಕುವಾಗ ಅದು ಲೆಕ್ಕಕ್ಕೆ ಬರುತ್ತದೆ. ದಲ್ಲಾಳಿಯ ಖಾತೆಗೆ ಕಳಿಸಬೇಡಿ, ಜಾಗದ ಯಜಮಾನನ ಹೆಸರಿನ ಖಾತೆಗೇ ಹೋಗಲಿ, ಕಳಿಸುವ ಕಾರಣ ಕರಾರಿನಲ್ಲಿ ಇರುವಂತೆಯೇ ಬರೆಯಿರಿ. ಮುಂದೆ ಪ್ರತಿ ವರ್ಷ ಐಟಿ ರಿಟರ್ನ್‌ನ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ಇದನ್ನು ತೋರಿಸಬೇಕಾಗುತ್ತದೆ. ಆಡಿಟರ್ ಹತ್ತಿರ ಕಳಿಸುವ ಮುಂಚೆಯೇ ಮಾತಾಡಿ, ಕಳಿಸಿದ ಮೇಲೆ ಅಲ್ಲ.