ಧಾರವಾಡಕ್ಕೆ ಬಂದರೆ ಮೊದಲು ಸಂಜೆ ಗೊತ್ತುಮಾಡಿಕೊಳ್ಳಿ

ಬೆಂಗಳೂರಿನಿಂದ ಬರುವ ನನ್ನ ತಂಗಿಯ ಸ್ನೇಹಿತರೆಲ್ಲ ಕೇಳೋದು ಒಂದೇ: "ಅಕ್ಕಾ, ಧಾರವಾಡದಲ್ಲಿ ನೋಡೋಕೆ ಏನಿದೆ?" ನೋಡೋಕೆ ಅಂತ ಜಾಸ್ತಿ ಇಲ್ಲ. ಕೇಳೋಕೆ ಇದೆ, ತಿನ್ನೋಕೆ ಇದೆ. ನಾನು ತುಮಕೂರಿನವಳು, ಬ್ಯಾಂಕಿನ ವರ್ಗಾವಣೆಯಲ್ಲಿ ಬಂದು ಇಲ್ಲೇ ಉಳಿದೆ. ಬಂದವರಿಗೆಲ್ಲ ನಾನು ಹೇಳೋದು ಇಷ್ಟೇ: ಮೊದಲು ಸಂಜೆ ಯಾವ ಕಾರ್ಯಕ್ರಮ ಅಂತ ಗೊತ್ತುಮಾಡಿಕೊಳ್ಳಿ. ಉಳಿದ ದಿನವನ್ನು ಅದಕ್ಕೆ ಹೊಂದಿಸಿ.

ಪತ್ತೆ ಮಾಡೋದು ಸುಲಭ. ಬೆಳಿಗ್ಗೆ ಒಂದು ಕನ್ನಡ ಪತ್ರಿಕೆ ಕೊಂಡು ಹುಬ್ಬಳ್ಳಿ-ಧಾರವಾಡ ಪುಟ ನೋಡಿ. ಇಲ್ಲವೇ ಕರ್ನಾಟಕ ವಿದ್ಯಾವರ್ಧಕ ಸಂಘಕ್ಕೆ ಹೋಗಿ ಕೇಳಿ. 1890ರಲ್ಲಿ ಶುರುವಾದ ಸಂಘ ಅದು. ಉಪನ್ಯಾಸವೋ ಪುಸ್ತಕ ಬಿಡುಗಡೆಯೋ ಏನಾದರೂ ಇದ್ದೇ ಇರುತ್ತದೆ. ನಾಟಕ ಬೇಕಿದ್ದರೆ ಕರ್ನಾಟಕ ಕಾಲೇಜಿನ ಆವರಣದ ಸೃಜನಾ ರಂಗಮಂದಿರದಲ್ಲಿ ಏನಿದೆ ಅಂತ ವಿಚಾರಿಸಿ. ಹೆಚ್ಚಿನ ಕಾರ್ಯಕ್ರಮಗಳಿಗೆ ಟಿಕೆಟ್ ಇರೋದಿಲ್ಲ. ಆಮಂತ್ರಣ ಇಲ್ಲವಲ್ಲ ಅಂತ ಹಿಂಜರಿಯಬೇಡಿ, ಸುಮ್ನೆ ಒಳಗೆ ಹೋಗಿ ಕೂತುಬಿಡಿ.

ಬೆಳಗಿನ ಹೊತ್ತು ಸಾಧನಕೇರಿಗೆ ಇಡಿ. ಬೇಂದ್ರೆಯವರು ಬಾಳಿದ ಬಡಾವಣೆ, ಅವರ ಹೆಸರಿನ ಬೇಂದ್ರೆ ಭವನವೂ ಅಲ್ಲೇ. ಭವನ ನೋಡಿ, ಕೆರೆಯ ಪಕ್ಕ ಸ್ವಲ್ಪ ನಡೆಯಿರಿ. ಸಂಗೀತದ ಹುಚ್ಚಿದ್ದರೆ ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಮನೆ 'ಮೃತ್ಯುಂಜಯ'ವನ್ನೂ ನೋಡಬಹುದು, ಈಗ ಅದು ಅವರ ಸ್ಮಾರಕ.

ಮಧ್ಯಾಹ್ನ ಖಾನಾವಳಿ. ಇಲ್ಲಿ ಮಾತ್ರ ಅವಸರ ಮಾಡಬೇಡಿ. ಬೋರ್ಡು ಚೆನ್ನಾಗಿದೆಯಾ, ಎಸಿ ಇದೆಯಾ ಅಂತ ನೋಡೋದು ಬಿಟ್ಟು ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿದೆಯಾ ಕೇಳಿ. ಬಂದರೆ ಅದೇ ಜಾಗ. ಕೂತ ಕೂಡಲೇ ಬಿಸಿ ರೊಟ್ಟಿಯೋ ಖಡಕ್ ರೊಟ್ಟಿಯೋ ಅಂತ ಕೇಳುತ್ತಾರೆ. ಮೊದಲ ಸಲ ಬಂದವರು ಬಿಸಿ ರೊಟ್ಟಿಯನ್ನೇ ತಗೊಳ್ಳಿ. ಬದನೆಕಾಯಿ ಎಣ್ಣೆಗಾಯಿ, ಒಂದು ಕಾಳು ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಸರು, ಹಸಿ ಉಳ್ಳಾಗಡ್ಡಿ ಬರುತ್ತವೆ. ಚಟ್ನಿಪುಡಿಯನ್ನು ಒಣದಾಗಿ ತಿನ್ನೋಕೆ ಹೋಗಬೇಡಿ, ಮೊಸರು ಹಾಕಿ ಕಲಸಿಕೊಳ್ಳಿ. ಕೆಂಪು ಮೆಣಸಿನಕಾಯಿಯ ರಂಜಕ ಕೊಟ್ಟರೆ ಬೆರಳ ತುದಿಯಷ್ಟು ಸಾಕು, ನಮ್ಮ ಕಡೆಯ ಖಾರ ಅದರ ಮುಂದೆ ಏನೂ ಅಲ್ಲ. "ಇನ್ನೊಂದ ರೊಟ್ಟಿ ತಗೋರಿ" ಅಂತ ಬಡಿಸುವವರು ಬಿಡೋದಿಲ್ಲ. "ಸಾಕ್ರಿ" ಅಂದರೂ ಇನ್ನೊಂದು ಬೀಳುತ್ತದೆ. ಆದ್ದರಿಂದ ಅನ್ನಕ್ಕೆ ಜಾಗ ಬೇಕಾದವರು ಎರಡನೇ ರೊಟ್ಟಿಯಲ್ಲಿದ್ದಾಗಲೇ ಕೈ ಅಡ್ಡ ಹಿಡಿಯಿರಿ.

ಊಟವಾದ ಮೇಲೆ ಸ್ವಲ್ಪ ಹೊತ್ತು ಮಲಗಿ. ಬಿಸಿಲು ಇಳಿದ ಮೇಲೆ ಸುಭಾಸ ರಸ್ತೆಯ ಮನೋಹರ ಗ್ರಂಥಮಾಲೆಗೆ ಹೋಗಿ. ಜಿ.ಬಿ. ಜೋಶಿಯವರು 1933ರಲ್ಲಿ ಶುರುಮಾಡಿದ ಪ್ರಕಾಶನ ಅದು. ಗಿರೀಶ ಕಾರ್ನಾಡರ ಮೊದಲ ನಾಟಕ ಹೊರಬಂದದ್ದು ಇಲ್ಲಿಂದಲೇ. ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯಂಥವರು ಕೂತು ಹರಟಿದ ಜಾಗವನ್ನು ಊರವರು ಇಂದಿಗೂ 'ಅಟ್ಟ' ಅಂತಲೇ ಕರೆಯುತ್ತಾರೆ. ಫೋಟೋ ತೆಗೆದು ಇಳಿದುಬಿಡಬೇಡಿ. ಒಂದು ಪುಸ್ತಕವನ್ನಾದರೂ ಕೊಳ್ಳಿ, ಅದು ಮರ್ಯಾದೆ ಅಲ್ವಾ?

ಪೇಟೆಯಲ್ಲಿ ಕಸೂತಿ ಸೀರೆ ನೋಡುವುದಾದರೆ ಒಂದು ಪರೀಕ್ಷೆ ಹೇಳಿಕೊಡುತ್ತೇನೆ. ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಅಂತ ನಾಲ್ಕು ಹೊಲಿಗೆ. ಗವಂತಿ, ಮುರ್ಗಿ ಹಾಕಿದ ಕಡೆ ಬಟ್ಟೆ ತಿರುಗಿಸಿ ನೋಡಿ. ಒಳಗೂ ಹೊರಗೂ ಒಂದೇ ಥರ ಕಾಣಬೇಕು, ಗಂಟು ಕಾಣಬಾರದು. ಮಷೀನಿನ ಕಸೂತಿ ಇಲ್ಲೇ ಸಿಕ್ಕಿಬೀಳುತ್ತದೆ.

ಕಾರ್ಯಕ್ರಮಕ್ಕೆ ಮುಂಚೆ ಗಿರ್ಮಿಟ್, ಜೊತೆಗೆ ಮಿರ್ಚಿ ಭಜಿ. ಉಳ್ಳಾಗಡ್ಡಿ, ಹುಣಸೆ, ಬೆಲ್ಲದ ಗೊಜ್ಜಿಗೆ ಚುರಮುರಿ, ಪುಟಾಣಿ ಹಿಟ್ಟು ಹಾಕಿ ಕಲಸಿಕೊಡುತ್ತಾರೆ. ನಿಂತಲ್ಲೇ ತಿಂದು ಮುಗಿಸಿ, ಕಟ್ಟಿಸಿಕೊಂಡು ಹೋದರೆ ಮೆತ್ತಗಾಗುತ್ತದೆ.

ಗಾಯನ ಕಛೇರಿಯಾದರೆ ರಾಗ ನಡೆಯುವಾಗ ಎದ್ದು ಓಡಾಡಬೇಡಿ. ಒಂದು ರಾಗ ಮುಗಿದ ಮೇಲೆ ಒಳಗೆ ಬನ್ನಿ. ಭೈರವಿ ರಾಗ ಶುರುವಾಯಿತೆಂದರೆ ಕಛೇರಿ ಮುಗಿಯುತ್ತಾ ಬಂತು ಅಂತ. ಆಗಲೇ ಎದ್ದು ಹೋಗುವವರು ದೊಡ್ಡ ತಪ್ಪು ಮಾಡುತ್ತಾರೆ, ಯಾಕೆಂದರೆ ಅಸಲು ಊರು ಸಿಗೋದು ಆಮೇಲೆ, ಹೊರಗಿನ ಚಹಾದ ಹತ್ತಿರ. "ಯಾವೂರ್ರಿ ನಿಮ್ದು?" ಅಂತ ಪಕ್ಕದವರೇ ಕೇಳುತ್ತಾರೆ. ಊರು ಹೇಳಿ, ಕಾರ್ಯಕ್ರಮದ ಬಗ್ಗೆ ಒಂದು ಮಾತಾಡಿ. ಮುಂದಿನ ವಾರ ಯಾರ ಮನೆಯಲ್ಲಿ ಬೈಠಕ್ (ಮನೆಯಲ್ಲೇ ನಡೆಯುವ ಸಣ್ಣ ಕಛೇರಿ), ಯಾವ ತಂಡ ಹೊಸ ನಾಟಕದ ತಾಲೀಮು ನಡೆಸುತ್ತಿದೆ ಎಲ್ಲ ಅಲ್ಲೇ ತಿಳಿಯುತ್ತದೆ. ನನಗೆ ಇಲ್ಲಿ ಗೆಳತಿಯರು ಸಿಕ್ಕಿದ್ದೂ ಹಾಗೆಯೇ. ಹುಬ್ಬಳ್ಳಿಯಲ್ಲಿ ತಂಗಿದ್ದರೆ ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸಿನ ಕೊನೆಯ ಸಮಯ ಮಾತ್ರ ಮೊದಲೇ ಕೇಳಿಟ್ಟುಕೊಳ್ಳಿ.

ಪೇಢಾ ಮರೆತೆ ಅಂದುಕೊಂಡಿರಾ? ಅದನ್ನು ಹೊರಡುವ ದಿನಕ್ಕೆ ಇಟ್ಟುಕೊಳ್ಳಿ. ಲೈನ್ ಬಜಾರಿನ ಠಾಕೂರ್ ಅಂಗಡಿಯದು ಹಳೆಯ ರುಚಿ, ಆದರೆ ಸರತಿಯಲ್ಲಿ ನಿಲ್ಲಬೇಕು. ಮಿಶ್ರಾ ಪೇಢಾ ಊರೆಲ್ಲ ಸಿಗುತ್ತದೆ. ನನ್ನ ಮತ ಠಾಕೂರಿಗೆ, ನನ್ನ ತಂಗಿಯದು ಮಿಶ್ರಾಗೆ. ಎರಡನ್ನೂ ಕಾಲು ಕಾಲು ಕಿಲೋ ಕೊಂಡು ನೀವೇ ತಿಂದು ನೋಡಿ.