ಬೆಚ್ಚಗಿನ ನೀರು, ಇಳಿದ ಪಿಎಚ್: ಮರಿಹವಳವನ್ನು ತೊಟ್ಟಿಯಲ್ಲಿ ಪರೀಕ್ಷಿಸುವ ಬಗೆ

ಓಕಿನಾವಾದ ಅಕ್ರೊಪೊರಾ ಡಿಜಿಟಿಫೆರಾ ಹವಳ ಮೇ–ಜೂನ್ ಹುಣ್ಣಿಮೆಯ ಆಸುಪಾಸಿನ ರಾತ್ರಿಗಳಲ್ಲಿ ಮೊಟ್ಟೆ, ವೀರ್ಯ ಸೇರಿದ ಗುಲಾಬಿ ಉಂಡೆಗಳನ್ನು ತೇಲಿಬಿಡುತ್ತದೆ. ಆ ರಾತ್ರಿ ತಪ್ಪಿದರೆ ಬಹುಮಟ್ಟಿಗೆ ಮುಂದಿನ ವರ್ಷವೇ. ಬಿಸಿಯಾಗುತ್ತಾ, ಇಂಗಾಲದ ಡೈಆಕ್ಸೈಡ್ ಹೀರಿ ಪಿಎಚ್ ಇಳಿಯುತ್ತಿರುವ ಕಡಲಿನಲ್ಲಿ ಮರಿಹವಳಕ್ಕೆ ಏನಾಗುತ್ತದೆ ಎಂದು ನೋಡುವುದು ನನ್ನ ಕೆಲಸ. ಹಾಗಾಗಿ ತೊಟ್ಟಿಗಳನ್ನು ಎರಡು ವಾರ ಮೊದಲೇ ಹದಕ್ಕೆ ತಂದಿಡುತ್ತೇನೆ: 28 ಮತ್ತು 31 ಡಿಗ್ರಿ, ಎರಡರಲ್ಲೂ ಪಿಎಚ್ 8.05 ಮತ್ತು 7.7. ಒಂದೊಂದು ಜೋಡಿಗೂ ಕನಿಷ್ಠ ನಾಲ್ಕು ಪ್ರತ್ಯೇಕ ತೊಟ್ಟಿ.

7.7 ಕೂಡ ಕ್ಷಾರವೇ. ಮರಿಗೆ ತೊಂದರೆ ಬರುವುದು ಹುಳಿಯಿಂದಲ್ಲ, ಗೂಡು ಕಟ್ಟಲು ಬೇಕಾದ ಕಾರ್ಬೊನೇಟ್ ಕಡಿಮೆಯಾಗುವುದರಿಂದ. ಪಿಎಚ್ ಇಳಿಸಲು ಇಂಗಾಲದ ಡೈಆಕ್ಸೈಡ್ ಗುಳ್ಳೆಗಳನ್ನೇ ಬಳಸಬೇಕು. ಆಮ್ಲ ಸುರಿದರೆ ನೀರಿನ ಕ್ಷಾರತೆಯೂ, ಅಂದರೆ ಆಮ್ಲವನ್ನು ತಡೆದುಕೊಳ್ಳುವ ಶಕ್ತಿಯೂ, ಕುಸಿಯುತ್ತದೆ. ಕಡಲಿನಲ್ಲಿ ನಡೆಯುತ್ತಿರುವುದು ಅದಲ್ಲ. ಪಿಎಚ್ ಮೀಟರನ್ನು ಸಿಹಿನೀರಿನ ಬಫರಿನಲ್ಲಿ (ಪಿಎಚ್ ಗೊತ್ತಿರುವ, ಸುಲಭಕ್ಕೆ ಬದಲಾಗದ ದ್ರಾವಣದಲ್ಲಿ) ಹೊಂದಿಸಬೇಡಿ, ಉಪ್ಪುನೀರಿನ ಟ್ರಿಸ್ ಬಫರ್ ಬೇಕು.

ಐದಾರು ಬೇರೆ ಬೇರೆ ಹವಳಗಳ ಉಂಡೆಗಳನ್ನು ಬೆರೆಸುತ್ತೇನೆ, ಏಕೆಂದರೆ ತನ್ನದೇ ವೀರ್ಯದಿಂದ ಮೊಟ್ಟೆ ಫಲಿಸುವುದು ಅಪರೂಪ. ಮಿಲೀಲೀಟರಿಗೆ ಸುಮಾರು 10 ಲಕ್ಷ ವೀರ್ಯಾಣು ಸಾಕು. ಎರಡು ಗಂಟೆಯಾದ ಮೇಲೆ ತೊಳೆಯಬೇಕು. ಮೊದಲ ದಿನ ಗಾಳಿ ಬಿಡಲೇಬಾರದು: ಭ್ರೂಣಕ್ಕೆ ಹೊರಚಿಪ್ಪಿಲ್ಲ, ಅಲುಗಿದರೆ ಚೂರಾಗುತ್ತದೆ. ಸತ್ತ ಮೊಟ್ಟೆಗಳ ಕೊಬ್ಬು ಮೇಲೆ ಜಿಡ್ಡಾಗಿ ಹರಡಿ ಕೊಳೆಯುತ್ತದೆ. ತೆಳು ಪ್ಲಾಸ್ಟಿಕ್ ಹಾಳೆಯನ್ನು ನೀರಿನ ಮೇಲೆ ಮಲಗಿಸಿ ಎತ್ತಿದರೆ ಅಂಟಿಕೊಂಡು ಬರುತ್ತದೆ.

ಬಿಸಿಯ ಹೊಡೆತ ಬೇಗ ಕಾಣುತ್ತದೆ. ಲಾರ್ವಾ, ಅಂದರೆ ನೆಲಕ್ಕೆ ಅಂಟಿ ಕೂರುವ ಮುನ್ನ ಈಜಾಡುವ ಮರಿ, ಬೇಗ ಬೆಳೆದು, ಕೂಡಿಟ್ಟ ಕೊಬ್ಬನ್ನು ಬೇಗ ಸುಟ್ಟುಕೊಂಡು, ಹೆಚ್ಚು ಸಾಯುತ್ತದೆ. ಪಿಎಚ್‌ನದು ಸದ್ದಿಲ್ಲದ ಕೆಲಸ, ಅದನ್ನು ಹುಡುಕಬೇಕಾದದ್ದು ಬಿಲ್ಲೆಗಳ ಮೇಲೆ. ಲಾರ್ವಾ ಕೂರಲೆಂದು ಎರಡು ಮೂರು ತಿಂಗಳು ಕಡಲಲ್ಲಿ ಬಿಟ್ಟು, ಗುಲಾಬಿ ಸುಣ್ಣಪಾಚಿ ಹಿಡಿಸಿದ ಬಿಲ್ಲೆಗಳವು. ಆ ಪಾಚಿಯ ಸುಣ್ಣದಲ್ಲಿ ಮೆಗ್ನೀಸಿಯಂ ಹೆಚ್ಚು, ಹವಳದ ಸುಣ್ಣಕ್ಕಿಂತ ಮೊದಲು ಕರಗುತ್ತದೆ. ಕೆಲವು ವಾರ 7.7ರಲ್ಲಿಟ್ಟರೆ ಅಂಚಿನಿಂದ ಬಿಳಿಚಿಕೊಳ್ಳುತ್ತದೆ, ಲಾರ್ವಾ ಸುತ್ತ ತಡಕಾಡಿ ಹೊರಟುಹೋಗುತ್ತದೆ. ಕೂರದಿರುವುದು ಲಾರ್ವಾದ ದೋಷವೋ ನೆಲದ ದೋಷವೋ ತಿಳಿಯಲು ಅರ್ಧ ಬಿಲ್ಲೆಗಳನ್ನು ಮೊದಲೇ ಆ ನೀರಿನಲ್ಲಿಟ್ಟು, ಉಳಿದರ್ಧವನ್ನು ಕೂರಿಸುವ ದಿನವೇ ಇಳಿಸುತ್ತೇನೆ. ಈ ಒಂದು ಹೆಜ್ಜೆ ಬಿಟ್ಟರೆ ಇಡೀ ಪ್ರಯೋಗದ ಅರ್ಥವೇ ಬದಲಾಗುತ್ತದೆ.

ಕೂತ ಮರಿ ಒಂದು ಮಿಲಿಮೀಟರಿನಷ್ಟು. ತೆಳು ಬ್ಲೀಚಿನಲ್ಲಿ ಮಾಂಸ ಕಳಚಿ ಸೂಕ್ಷ್ಮದರ್ಶಕದಡಿ ಇಟ್ಟರೆ ಸುಣ್ಣದ ಪುಟ್ಟ ಚಕ್ರ, ಗಾಲಿಯ ಕಡ್ಡಿಗಳಂತೆ ಹನ್ನೆರಡು ಅರೆಗಳು. 7.7ರಲ್ಲಿ ಬೆಳೆದದ್ದರಲ್ಲಿ ಅರೆಗಳು ತೆಳು, ನಡುವೆ ತೂತು, ಕೆಲವು ಪೂರ್ತಿ ಕೂಡಿಯೇ ಇರುವುದಿಲ್ಲ. ಅಕ್ಕಪಕ್ಕ ಕೂತು ಬೆಸೆದುಕೊಂಡ ಮರಿಗಳನ್ನು ಅಳತೆಯಿಂದ ಕೈಬಿಡಿ, ಅವು ಸರಾಸರಿಯನ್ನು ಕೆಡಿಸುತ್ತವೆ.

ಕೆಲವು ಬಿಲ್ಲೆಗಳನ್ನು ಬ್ಲೀಚಿಗೆ ಹಾಕದೆ ಮತ್ತೆ ಕಡಲಿನ ಹವಳದ ದಿಬ್ಬಕ್ಕೆ ಕಟ್ಟುತ್ತೇನೆ. ಪಾಚಿ ಕೆರೆಯಲು ಬರುವ ಗಿಳಿಮೀನಿನ ಬಾಯಿಗೆ ಸಣ್ಣ ಮರಿ ಮೊದಲು ಸಿಗುತ್ತದೆ. ಕುಂಠಿತವಾದ ಮರಿ ಆ ಸಣ್ಣ ಗಾತ್ರದಲ್ಲಿ ಎಷ್ಟು ದಿನ ಉಳಿಯುತ್ತದೆ ಎಂಬುದನ್ನು ವಾರಕ್ಕೊಮ್ಮೆ ಮುಳುಗಿ, ಅದೇ ಬಿಲ್ಲೆಯ ಅದೇ ಮೂಲೆಯ ಚಿತ್ರ ತೆಗೆದು ಎಣಿಸಬೇಕು.